ಕಾಶಿಗೆ ಹೋದ ಕೆಲ್ಟ್ ದೊರೆ

ಇವತ್ತು ಭಾನುವಾರ ನಮ್ಮ ಮನೆಯಲ್ಲಿ ಆದ ಕೆಲಸಗಳು ಇಷ್ಟು: ಹಾಲು ಕಾಯಿಸಿದ್ದು, ಅದು ಉಕ್ಕಿದ್ದು, ಒಲೆ ಒರೆಸಿದ್ದು. ಹೊಸ್ತಿಲು ತೊಳೆದು ರಂಗೋಲಿ ಎಳೆದದ್ದು. ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟದ್ದು. ಫ್ರಿಜ್ಜಿನ ಹಿಂದೆ ಬಿದ್ದಿದ್ದ ಲಟ್ಟಣಿಗೆಯನ್ನು ಪೊರಕೆ ಕಡ್ಡಿಯಿಂದ ಎಳೆದು ತೆಗೆದದ್ದು. ಯಜಮಾನರ ಅಂಗಿಗೆ ಗುಂಡಿ ಹೊಲಿದದ್ದು. ತಿಂಡಿಗೆ ಮುಂಚೆ ಒಂದು ದ್ವೀಪ ಗೆದ್ದದ್ದು.

ಕೊನೆಯದು ನಾನಲ್ಲ. ನಮ್ಮತ್ತೆ!

ನೀವು ನಂಬುವುದಿಲ್ಲ, ಗೊತ್ತು. ನಮ್ಮತ್ತೆಗೆ ಎಂಬತ್ತು ಸಮೀಪಿಸಿದೆ. ಮಡಿ ಹೆಂಗಸು. ಏಕಾದಶಿಗೆ ನೀರು ಕುಡಿಯಲೂ ಎರಡು ಸಲ ಯೋಚಿಸುವವರು. ಜಿರಲೆ ಕಂಡರೆ ಹೊಡೆಯದೆ, 'ಹೋಗಪ್ಪ, ಆಚೆ ಹೋಗು' ಎಂದು ಕೈಮುಗಿಯುವವರು. ಅಂಥವರು ಒಗೆದ ಸೀರೆಯುಟ್ಟು, ಮೊಣಕಾಲಿಗೆ ಎಣ್ಣೆ ಸವರಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತು ರೋಮ್ ಸಾಮ್ರಾಜ್ಯದ ಗಡಿಯಲ್ಲಿ ದಂಡು ನಿಲ್ಲಿಸುತ್ತಾರೆ ಎಂದರೆ ಯಾರು ತಾನೇ ನಂಬುತ್ತಾರೆ?

ನಂಬದವರಲ್ಲಿ ಮೊದಲಿಗರು ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಅತ್ತೆಯ ಹಿರಿಯ ಮಗ. ತುಮಕೂರಿನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಈಗಲೂ ಅವರು ನಡೆದರೆ ಹಿಂದೆ ಮಕ್ಕಳ ಸಾಲೊಂದು ಬರುತ್ತಿದೆ ಎನಿಸುತ್ತದೆ. ಅವರು ಹೋದ ತಿಂಗಳು ಫೋನ್ ಮಾಡಿ, "ಏನ್ಮಾಡ್ತಿದ್ದೀಯಮ್ಮಾ?" ಎಂದು ಕೇಳಿದರು. ಅತ್ತೆ, "ಒಂದ್ನಿಮಿಷ ಇರಪ್ಪ. ಇವರ ಕೋಟೆ ಬಾಗಿಲು ಮುರೀತಿದ್ದೀನಿ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟೇಬಿಟ್ಟರು!

ಆ ಕಡೆ ಭಾವನ ಎದೆ ಹೇಗಾಗಿರಬೇಡ? ಅಮ್ಮನಿಗೆ ತಲೆ ಕೆಟ್ಟಿದೆ, ಇಲ್ಲವೇ ತಮ್ಮ ಮತ್ತು ಅವನ ಹೆಂಡತಿ ಸೇರಿ ಕೆಡಿಸಿದ್ದಾರೆ. ಎರಡರಲ್ಲೊಂದು ಎಂದು ತೀರ್ಮಾನಿಸಿ ಇವತ್ತು ಬೆಳಿಗ್ಗೆ ವಿಜಯವಾಡದ ನಮ್ಮ ಮನೆಗೆ ಬಂದಿಳಿದರು. ಜೇಬಿನಲ್ಲಿ ನಾಳಿನ ರೈಲಿಗೆ ಎರಡು ಟಿಕೆಟು. ಒಂದು ಅವರಿಗೆ. ಇನ್ನೊಂದು ಅತ್ತೆಗೆ.

"ಅಮ್ಮ ಇನ್ಮೇಲೆ ನಮ್ಮನೇಲೇ ಇರ್ಲಿ" ಎಂದರು, ಚಪ್ಪಲಿ ಬಿಡುವ ಮೊದಲೇ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಎಂಥೆಂಥವರ ಮುಂದೆಯೋ ಮಾತಾಡಿ ಬರುತ್ತಾರೆ. ಅಣ್ಣನ ಮುಂದೆ ಮಾತ್ರ ಇವತ್ತಿಗೂ ಏಳನೇ ಕ್ಲಾಸು. "ಹೂಂ ಅಣ್ಣ" ಎಂದು ಸೂಟ್‌ಕೇಸು ಒಳಗಿಟ್ಟರು. ನನಗೆ ಹಾಲು ಉಕ್ಕಿದ್ದು ಆಗಲೇ.

ಯುದ್ಧದ ಕತೆಗೆ ಬರುವ ಮುಂಚೆ ಈ ಆಟದ ಕತೆ ಹೇಳಬೇಕು.

ನಾವು ವಿಶಾಖಪಟ್ಟಣದಲ್ಲಿದ್ದಾಗ ಶುರುವಾದದ್ದು ಇದು. ಬ್ಯಾಂಕು ಎಲ್ಲಿ ಹಾಕಿದರೆ ಅಲ್ಲಿ ಬೇರು ಬಿಡುವ ಸಂಸಾರ ನಮ್ಮದು. ಮಾವ ಅತ್ತೆ ನಮ್ಮ ಜೊತೆಗೇ ಇದ್ದರು. ಮಾವ ಅಲ್ಲೇ, ಆ ಊರಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ಆಮೇಲೆ ಅತ್ತೆ ಮಾತು ನಿಲ್ಲಿಸಿಬಿಟ್ಟರು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಹತ್ತಿರ ಕುಳಿತು, ಸಮುದ್ರದ ಉಪ್ಪುಗಾಳಿಗೆ ಸರಳು ತುಕ್ಕು ಹಿಡಿಯುವುದನ್ನು ನೋಡುವುದೇ ಕೆಲಸ. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ನನ್ನ ಸಾರಿಗೆ ಉಪ್ಪು ಹೆಚ್ಚಾದರೂ ಬೈಯುತ್ತಿರಲಿಲ್ಲ. ಅದಂತೂ ನನಗೆ ತಡೆಯಲಾಗದೆ ಒಂದು ದಿನ ಬೇಕೆಂದೇ ಉಪ್ಪು ಸುರಿದೆ. ಸುಮ್ಮನೆ ಉಂಡರು!

ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಗಳು ಒಂದು ಮಧ್ಯಾಹ್ನ ಅವರ ಕುರ್ಚಿಯನ್ನೇ ಎಳೆದು ತಂದು ಕಂಪ್ಯೂಟರಿನ ಮುಂದಿಟ್ಟಳು.

"ಅಜ್ಜಿ, ಒಂದು ರಾಜ್ಯ ಆಳ್ತೀಯಾ?"

"ಅಡುಗೆಮನೇನೇ ನಿಮ್ಮಮ್ಮಂಗೆ ಬಿಟ್ಟುಕೊಟ್ಟಾಯ್ತು. ಇನ್ನು ರಾಜ್ಯ ತಗೊಂಡು ಏನ್ಮಾಡ್ಲಿ?" ಎಂದರು ಅತ್ತೆ. ಬಹಳ ದಿನಗಳ ಮೇಲೆ ಅವರ ಬಾಯಿಂದ ಬಂದ ಪೂರ್ತಿ ವಾಕ್ಯ ಅದು. ಅದರಲ್ಲೂ ನನಗೊಂದು ಕುಟುಕು ಇತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಒಳಗೆ ಹೋಗಿ ಕೇಸರಿಬಾತಿಗೆ ರವೆ ಹುರಿದೆ.

ಅದು ಎರಡು ಸಾವಿರ ವರ್ಷಗಳ ಹಿಂದಿನ ಯೂರೋಪಿನ ಆಟ. ಒಂದು ದೊಡ್ಡ ನಕ್ಷೆ, ಅದರ ತುಂಬ ಊರುಗಳು, ರಾಜ್ಯಗಳು. ನೀವೊಂದು ಪಕ್ಷವನ್ನು ಆರಿಸಿಕೊಳ್ಳಬೇಕು. ಊರು ಕಟ್ಟಬೇಕು, ದಂಡು ಕಟ್ಟಬೇಕು. ಒಮ್ಮೆ ನಿಮ್ಮ ಸರದಿ, ಒಮ್ಮೆ ಉಳಿದ ರಾಜ್ಯಗಳ ಸರದಿ. ಮಗಳು ಒಂದೊಂದೇ ಪಕ್ಷದ ಚಿತ್ರ ತೋರಿಸಿದಳು. ಕೆಂಪು ಬಟ್ಟೆಯ ರೋಮನ್ನರನ್ನು ಕಂಡು ಅತ್ತೆ ಮೂಗು ಮುರಿದರು. "ಇವರೇನೇ ಹೀಗೆ ಸಾಲಾಗಿ ನಿಂತಿದ್ದಾರೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ!" ಆಮೇಲೆ ಬಂದರು ನೋಡಿ ಕೆಲ್ಟರು, ಇಂಗ್ಲೆಂಡಿನ ದ್ವೀಪದಲ್ಲೂ ಅದರಾಚೆಯ ಕಾಡುಗಳಲ್ಲೂ ಇದ್ದ ಬುಡಕಟ್ಟಿನವರು. ಬರಿಮೈ, ಸೊಂಟಕ್ಕೊಂದು ಬಟ್ಟೆ, ಹಿಂದೆ ಕಟ್ಟಿದ ಜುಟ್ಟು. ಅತ್ತೆಯ ಮುಖ ಅರಳಿತು.

"ಅಯ್ಯೋ, ಇವರು ಮದುವೆಮನೆ ಅಡುಗೆಯವರ ಹಾಗೇ ಇದ್ದಾರಲ್ಲೇ! ಪಾಪ, ಕೈಯಲ್ಲಿ ಸೌಟಿನ ಬದಲು ಕತ್ತಿ ಕೊಟ್ಟಿದ್ದಾರೆ. ಇವರೇ ಇರ್ಲಿ ನಂಗೆ."

ಹೀಗೆ ನಮ್ಮತ್ತೆ ಕೆಲ್ಟರ ಮಹಾರಾಣಿಯಾದರು.

ಒಂದು ತೊಡಕಿತ್ತು. ಅತ್ತೆಗೆ ಇಂಗ್ಲಿಷ್ ಬಾರದು. ಆಟವೆಲ್ಲ ಇಂಗ್ಲಿಷಿನಲ್ಲೇ. ಪ್ರತಿ ಸರದಿಗೂ ಒಂದೊಂದು ಓಲೆ ಬರುತ್ತದೆ, ಆ ರಾಜ್ಯ ಸ್ನೇಹ ಬಯಸಿದೆ, ಈ ಊರಿನಲ್ಲಿ ದಂಗೆಯೆದ್ದಿದೆ, ಅಲ್ಲಿ ಗದ್ದೆ ಸಿದ್ಧವಾಗಿದೆ ಎಂದು. ಮಗಳು ಕಾಲೇಜಿಗೆ ಹೋದರೆ ಓದುವವರು ಯಾರು? ಬಿ.ಎ. ಪಾಸಾಗಿ ಇಪ್ಪತ್ತೈದು ವರ್ಷ ಸಾಂಬಾರು ಕುದಿಸಿದ ನಾನು! ಒಗ್ಗರಣೆಯ ಸೌಟು ಕೈಯಲ್ಲೇ ಇರುತ್ತಿತ್ತು. "ಬಾರೇ, ಯಾರೋ ಏನೋ ಅಂತಿದ್ದಾರೆ" ಎಂದು ಕೂಗುತ್ತಿದ್ದರು. ಓಡಿ ಹೋಗಿ ಕುರ್ಚಿಯ ಹಿಂದೆ ನಿಂತು, "ಅತ್ತೆ, ಪಕ್ಕದ ರಾಜ್ಯದವರು ವ್ಯಾಪಾರ ಮಾಡೋಣ ಅಂತಿದ್ದಾರೆ" ಎಂದು ಓದುತ್ತಿದ್ದೆ. "ಮಾಡೋಣ ಅನ್ನು. ತಿಂಡಿ ಆಯ್ತಾ ಅಂತ ಕೇಳು" ಎನ್ನುತ್ತಿದ್ದರು. ತಿಂಡಿ ಕೇಳಲು ಆ ಆಟದಲ್ಲಿ ಗುಂಡಿಯಿಲ್ಲ. ನಾನು "ಆಯ್ತಂತೆ ಅತ್ತೆ" ಎಂದುಬಿಡುತ್ತಿದ್ದೆ.

ಮೊದಲ ಸಲ ಅತ್ತೆ ಹೀನಾಯವಾಗಿ ಸೋತರು. ದಂಡು ಸಿಕ್ಕಿತು ಎನ್ನುವ ಉಮೇದಿನಲ್ಲಿ ನೇರವಾಗಿ ರೋಮನ್ನರ ಮೇಲೆ ಬಿದ್ದರು. ಅಡುಗೆಯವರೆಲ್ಲ ಹೋ ಎಂದು ನುಗ್ಗಿದರು. ಗುರಾಣಿಯ ಸಾಲು ಒಂದು ಗೇಣು ಹಿಂದೆ ಸರಿಯಿತು, ಅಷ್ಟೇ. ಆಮೇಲೆ ಇವರಿಗೆ ಏದುಸಿರು. ಆಮೇಲೆ ಓಟ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಗೊತ್ತಾಯ್ತು ಕಣೇ. ಇವರು ಮೊದಲನೇ ಏಟಿಗೆ ಜೋರು. ಎರಡನೇದಕ್ಕೆ ಉಸಿರಿಲ್ಲ. ಥೇಟ್ ನಿಮ್ಮ ಮಾವನ ಕೋಪ!"

ಅವತ್ತಿನಿಂದ ಶುರುವಾಯಿತು ಅತ್ತೆಯ ಯುದ್ಧಶಾಸ್ತ್ರ. ರಾಜ್ಯ ಕಟ್ಟುವ ಮೊದಮೊದಲ ದಿನಗಳಲ್ಲಿ ಕೆಲ್ಟರು ಹೇಗಿರಬೇಕು ಎಂಬುದನ್ನು ಅವರು ನನಗೆ ಹೇಳುತ್ತಿದ್ದ ರೀತಿ ಹೊಸ ಸೊಸೆಗೆ ಬುದ್ಧಿ ಹೇಳಿದ ಹಾಗಿರುತ್ತಿತ್ತು. ಬಂದ ಹೊಸದರಲ್ಲಿ ಯಾರ ಮೇಲೂ ಹೋಗಬಾರದು. ಮೊದಲು ಗದ್ದೆ ಮಾಡಿಸು, ದಾರಿ ಮಾಡಿಸು. ಉಣ್ಣಲು ಇಲ್ಲದ ದಂಡು ಎರಡು ಚಳಿಗಾಲಕ್ಕೆ ಕರಗುತ್ತದೆ. ಸುತ್ತಮುತ್ತ ಯಾರೂ ಕೇಳುವವರಿಲ್ಲದ ಊರುಗಳಿರುತ್ತವೆ, ಅವನ್ನು ದೊಡ್ಡವರ ಕಣ್ಣು ಬೀಳುವ ಮುಂಚೆ ಸೇರಿಸಿಕೋ. ರೋಮಿನವನು ಕೆಣಕಿದರೂ ನಕ್ಕು ಸುಮ್ಮನಿರು, ಅವನಿಗೆ ಉಡುಗೊರೆ ಕಳಿಸು. ಹೊಡೆದಾಡಲೇಬೇಕಾಗಿ ಬಂದರೆ ಬಯಲಿನಲ್ಲಿ ಬೇಡ. ಅವನನ್ನು ದೂರ ನಡೆಸು, ಬಿಸಿಲಿಗೆ ದಣಿಸು, ಕಾಡಿನೊಳಗೆ ಎಳೆದುಕೋ, ಅಡಗಿ ಕುಳಿತವರು ಎರಡೂ ಕಡೆಯಿಂದ ಬೀಳಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಇದನ್ನು ಹೇಳುವಾಗ ಅತ್ತೆ ತೋರುಬೆರಳೆತ್ತುತ್ತಿದ್ದರು. "ಸೇನಾಪತೀನ ಮುಂದೆ ಕಳಿಸಬಾರದು ಕಣೇ. ಅವನು ಹಿಂದೇನೇ ಇರ್ಬೇಕು. ಅವನಿಗೇನಾದ್ರೂ ಆದ್ರೆ ಎಲ್ಲರ ಕೈಕಾಲೂ ಬಿದ್ದುಹೋಗುತ್ತೆ."

ಜೊತೆಗೆ ಯಾವ ಕೆಲ್ಟ್ ರಾಜನೂ ಕಂಡು ಕೇಳರಿಯದ ಕಟ್ಟುಪಾಡುಗಳು! ರಾಹುಕಾಲದಲ್ಲಿ ದಂಡು ಹೊರಡುವಂತಿಲ್ಲ. ಏಕಾದಶಿ ದಿನ ಕದನವಿಲ್ಲ, 'ಉಪವಾಸ ಇದ್ದಾರೆ, ಕೈಯಲ್ಲಿ ತ್ರಾಣ ಇರಲ್ಲ' ಎಂದು. ಊರು ಗೆದ್ದರೆ ಆಟ ಕೇಳುತ್ತದೆ: ಜನರನ್ನು ಹಾಗೇ ಬಿಡುವುದೋ, ಸೆರೆ ಹಿಡಿಯುವುದೋ, ಕೊಲ್ಲುವುದೋ? ನಾನು ಮೂರನ್ನೂ ಓದಿದ ಮೊದಲ ದಿನ ಅತ್ತೆ ಕಿವಿ ಮುಚ್ಚಿಕೊಂಡರು. "ಛೀ ಛೀ, ಅವರೂ ಸಾಯಂಕಾಲಕ್ಕೆ ಒಲೆ ಹಚ್ಚಬೇಕಲ್ಲ! ಹಾಗೇ ಬಿಡೇ." ಆಯುಧಪೂಜೆಗೆ ಮೌಸಿಗೆ ಕುಂಕುಮವಿಟ್ಟು, ಅದು ಒಳಗೆ ಹೋಗಿ, ಹೊಸದು ತರಬೇಕಾಯಿತು.

ಒಮ್ಮೆ ಎಲ್ಲರೂ ಹತ್ತಿರದ ಭೀಮುನಿಪಟ್ಟಣದ ಕಡಲತೀರಕ್ಕೆ ಹೋದೆವು. ಮೀನುಗಾರರ ದೋಣಿಗಳು ಮರಳಿನ ಮೇಲೆ ಮಲಗಿದ್ದವು. ಮಗಳು ಅಲೆಗೆ ಕಾಲೊಡ್ಡಿ ನಿಂತಳು, ಯಜಮಾನರು ಜೋಳ ಸುಡಿಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಹಣೆಗೆ ಕೈ ಅಡ್ಡವಿಟ್ಟು ದಡವನ್ನು ಆ ತುದಿಯಿಂದ ಈ ತುದಿಯವರೆಗೆ ಅಳೆದರು. ಏನೋ ದೇವರ ಧ್ಯಾನ ಎಂದುಕೊಂಡೆ. ಅವರು ನನ್ನ ಕಿವಿಯಲ್ಲಿ, "ಇಲ್ಲಿ ದಂಡು ಇಳಿಸಬಾರದು. ಬಯಲು ಜಾಸ್ತಿ" ಎಂದರು!

ಇನ್ನು ಕಾಶಿಯ ವಿಚಾರ.

ಅವತ್ತು ಶುಕ್ರವಾರ, ದೀಪ ಹಚ್ಚುವ ಹೊತ್ತು. ನಾನು ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದೆ. ಅತ್ತೆ ಕೂಗಿದರು. ಹೋಗಿ ನೋಡಿದರೆ ತೆರೆಯ ಮೇಲೆ ಓಲೆ: ನಿಮ್ಮ ದೊರೆ ವೃದ್ಧಾಪ್ಯದಿಂದ ಮರಣ ಹೊಂದಿದ್ದಾನೆ.

ಆಟದ ಕೆಲ್ಟರಲ್ಲಿ ಅತ್ತೆಗೆ ಅಚ್ಚುಮೆಚ್ಚಿನವನು ಆ ಮುದುಕ. ಮೊದಲ ದಿನದಿಂದ ಜೊತೆಗಿದ್ದವನು. ಮಾವ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ, ಅದೂ ಶುಕ್ರವಾರ, ಆ ಮನೆಯಲ್ಲಿ ನಿಂತು 'ಸತ್ತ' ಎನ್ನುವ ಮಾತು ನನ್ನ ನಾಲಗೆಯ ಮೇಲೆ ಬರಲೇ ಇಲ್ಲ.

"ಏನಂತೇ?" ಎಂದರು ಅತ್ತೆ.

"ದೊರೆ... ಕಾಶಿಗೆ ಹೋದರಂತೆ ಅತ್ತೆ."

ಇಂಗ್ಲೆಂಡಿನಿಂದ ಕಾಶಿಗೆ! ಅದೂ ಎರಡು ಸಾವಿರ ವರ್ಷಗಳ ಹಿಂದೆ! ನನ್ನ ಬಿ.ಎ.ಯಲ್ಲಿ ಇತಿಹಾಸವೂ ಒಂದು ವಿಷಯವಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅತ್ತೆ ತೆರೆಯನ್ನೇ ನೋಡಿದರು. "ಒಬ್ಬನೇನಾ?" ಎಂದರು.

"ಜೊತೆಗೆ ಯಾರೋ ಇದ್ದಾರಂತೆ."

"ಒಳ್ಳೇದಾಯ್ತು. ದಾರೀಲಿ ಚಳಿ ಇರುತ್ತೆ" ಎಂದು ಆಟ ಮುಂದುವರಿಸಿದರು.

ಅಲ್ಲಿಗೆ ಮುಗಿಯಿತೇ? ಆ ದೊರೆ ಆಳುತ್ತಿದ್ದ ಊರಿಗೆ ಬೇರೆ ಅಧಿಕಾರಿಯನ್ನು ಕೂರಿಸಬೇಕು. ಅತ್ತೆ ಕೂರಿಸಲೇ ಇಲ್ಲ. ನಾನು ಮೆಲ್ಲಗೆ ಹೇಳಿ ನೋಡಿದೆ. "ಕಾಶಿಗೆ ಹೋದೋನು ಬಂದು ನೋಡಿದ್ರೆ ಏನಂದ್ಕೊಳ್ತಾನೆ?" ಎಂದರು. ಒಡೆಯನಿಲ್ಲದ ಊರು ಎಷ್ಟು ದಿನ ಸುಮ್ಮನಿದ್ದೀತು? ದಂಗೆಯೆದ್ದು ಕೈಬಿಟ್ಟಿತು. ಒಂದು ಹಳ್ಳಿ ಹೋದರೂ ಊಟ ಬಿಡುವ ಅತ್ತೆ ಅವತ್ತು ಏನೂ ಅನ್ನದೆ ಸಾರನ್ನ ಉಂಡರು.

ಒಮ್ಮೆ ದಾರಿ ಗೊತ್ತಾದ ಮೇಲೆ ಕೇಳಬೇಕೇ? ಮಂಗಳವಾರ ಸತ್ತವರು, ಶುಕ್ರವಾರ ಸತ್ತವರು, ಹಬ್ಬದ ದಿನ ಸತ್ತವರು, ಎಲ್ಲರನ್ನೂ ನಾನು ಕಾಶಿಗೇ ಕಳಿಸಿದೆ. ಆ ಹೊತ್ತಿಗೆ ಗಂಗೆಯ ದಡದಲ್ಲಿ ಕೆಲ್ಟರದೇ ಒಂದು ಕೇರಿ ಆಗಿರಬೇಕು! ರಜೆಯ ದಿನ ಮಗಳು ಇದನ್ನು ಕೇಳಿಸಿಕೊಂಡು ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. "ಅಮ್ಮಾ, ಆ ಮ್ಯಾಪಲ್ಲಿ ಕಾಶಿನೇ ಇಲ್ಲ!" ಎಂದಳು.

"ಮ್ಯಾಪಿನ ಆಚೆ ಇದೆ ಬಿಡೇ" ಎಂದೆ.

ಆಮೇಲೆ ವರ್ಗ ಬಂತು, ವಿಜಯವಾಡಕ್ಕೆ. ಮಗಳು ಓದು ಮುಗಿಸಲು ವಿಶಾಖಪಟ್ಟಣದ ಹಾಸ್ಟೆಲಿನಲ್ಲೇ ಉಳಿದಳು. ನಾವು ಮೂವರು, ಒಂದು ಕಂಪ್ಯೂಟರು, ಅನಕಾಪಲ್ಲಿಯಿಂದ ತರಿಸಿಟ್ಟಿದ್ದ ಬೆಲ್ಲದ ಅಚ್ಚುಗಳ ಬುಟ್ಟಿ, ಇಷ್ಟು ಇಲ್ಲಿನ ಪಟಮಟ ಬಡಾವಣೆಯ ಫ್ಲಾಟಿಗೆ ಬಂದಿಳಿದೆವು.

ಬಂದ ವಾರವೇ ಮೇಲಿನ ಮನೆಯ ಸೆಕ್ರೆಟರಿಯಮ್ಮ ಬಂದರು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ತಾರಸಿಯ ಮೇಲೆ ಯಾರೂ ಏನೂ ಒಣಗಿಸಬಾರದು ಎಂದು ಸಾರಿ ಹೋದರು. ನಮ್ಮ ಹಪ್ಪಳದ ಹಿಟ್ಟು ಕಲಸಿಯಾಗಿತ್ತು! ಜಗಳಕ್ಕೆ ಹೋಗಲೇ ಎಂದು ನಾನು ಸೆರಗು ಸಿಕ್ಕಿಸಿದೆ.

"ಕೂತ್ಕೋ. ಅದು ರೋಮು" ಎಂದರು ಅತ್ತೆ. "ನಾವಿನ್ನೂ ಈಗ ಬಂದಿದ್ದೀವಿ."

ಕೆಳಗೆ ಯಾರೂ ನೀರು ಹಾಕದೆ ಒಣಗಿದ್ದ ತುಳಸಿಕಟ್ಟೆಯೊಂದಿತ್ತು. ಅತ್ತೆ ಅದಕ್ಕೆ ನೀರು ಹಾಕತೊಡಗಿದರು. ಲಿಫ್ಟಿನ ಪಕ್ಕ ಯಾರೂ ಕೂರದ ಪ್ಲಾಸ್ಟಿಕ್ ಕುರ್ಚಿಯಿತ್ತು. ಸಂಜೆ ಅಲ್ಲಿ ಕುಳಿತು, ಬಂದುಹೋಗುವವರ ಮೊಣಕಾಲು ನೋವು ಕೇಳಿದರು. ಮೂರನೆಯದು ತಾರಸಿಯ ಮಟಮಟ ಮಧ್ಯಾಹ್ನ. ವಿಜಯವಾಡದ ಬೇಸಿಗೆಯ ಆ ಹೊತ್ತನ್ನು ಕೇಳುವವರು ಯಾರಿದ್ದಾರೆ? ಸೆಕ್ರೆಟರಿಯಮ್ಮ ಎ.ಸಿ. ಹಾಕಿಕೊಂಡು ಮಲಗಿದ್ದಾಗ ನಮ್ಮ ಹಪ್ಪಳ ಏರುತ್ತಿತ್ತು, ಅವರು ಏಳುವ ಮುಂಚೆ ಗರಿಗರಿಯಾಗಿ ಇಳಿಯುತ್ತಿತ್ತು. ಆಮೇಲೆ ಪಕ್ಕದ ಮನೆಯವರದು, ಅದರ ಪಕ್ಕದವರದು. ಸೆಕ್ರೆಟರಿಯಮ್ಮನಿಗೆ ತಿಳಿಯುವ ಹೊತ್ತಿಗೆ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ! ಅತ್ತೆ ಆ ದಿನವೇ ಒಬ್ಬಟ್ಟು ಮಾಡಿ ಅವರ ಮನೆಗೆ ಕಳಿಸಿದರು. ಮರುವಾರ ಸೆಕ್ರೆಟರಿಯಮ್ಮ ತಾವೇ ಬೂದುಗುಂಬಳದ ವಡಿಯಾಲು, ನಮ್ಮ ಸಂಡಿಗೆಯ ಹಾಗೆಯೇ, ತಟ್ಟೆಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಪೆದ್ದಮ್ಮಗಾರೂ, ಕಾಗೆ ಬರದ ಹಾಗೆ ಸ್ವಲ್ಪ ನೋಡ್ಕೋತೀರಾ ಅಂಡಿ?" ಎಂದರು ತೆಲುಗಿನಲ್ಲಿ. ಅವತ್ತಿನಿಂದ ಅವರಿಗೆ ನಮ್ಮತ್ತೆ ದೊಡ್ಡಮ್ಮ.

ಇಂಥ ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಭಾವ ಇವತ್ತು ಬಂದು ಕುಳಿತರೆ ನಾನೇನು ಮಾಡಲಿ? ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ತಾಯಿ, ಹಿರಿಯ ಮಗ, ಸ್ವಂತ ಊರು, ಸುತ್ತ ಕನ್ನಡ. ನನ್ನ ಬಳಿ ಇರುವುದೇನು? ಒಂದು ಸೌಟು, ಹಳೆಯ ಬಿ.ಎ.

ಅತ್ತೆ ಸ್ನಾನ ಮುಗಿಸಿ ಅಡುಗೆಮನೆಗೆ ಬಂದು, ನನ್ನ ಕಣ್ಣು ನೋಡಿ, "ಬೇಳೆಗೆ ಉಪ್ಪು ಹಾಕೋ ಕೆಲಸ ಕಣ್ಣೀರಿಗೆ ಕೊಡಬೇಡ" ಎಂದರು. ಆಮೇಲೆ ದನಿ ತಗ್ಗಿಸಿ, "ನಾನು ಕರೆಯೋ ತನಕ ನೀನು ಹಜಾರಕ್ಕೆ ಬರಕೂಡದು" ಎಂದರು. ಸರಿಯೇ ಅನಿಸಿತು. ಎದುರಾಳಿಯ ಮುಖ ನೋಡಿದರೆ ಅಳುವ ಸಿಪಾಯಿ ಯಾರಿಗೆ ಬೇಕು?

ಬಾಗಿಲ ಸಂದಿಯಿಂದ ನಾನು ಎಲ್ಲವನ್ನೂ ನೋಡಿದೆ.

ಮೊದಲು ನಡೆಸಿದರು. "ಇಷ್ಟು ದೂರ ಬಂದು ಕೃಷ್ಣೆಯಲ್ಲಿ ಮುಳುಗು ಹಾಕ್ದೆ ಇರ್ತಾರೇನೋ?" ಎಂದು ಮಗನನ್ನು ನದಿಗೆ ಅಟ್ಟಿದರು. ಬಂದವರ ಕೈಗೆ ಚೀಲ ಕೊಟ್ಟು, ಗೋಂಗೂರ ಸೊಪ್ಪು ಸಾಲದು ಎಂದು ಮಾರುಕಟ್ಟೆಗೆ ಕಳಿಸಿದರು. ಭಾವ ಬಿಸಿಲಿನಲ್ಲಿ ಕೆಂಪಗಾಗಿ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು, ನಡಿಗೆ ಮಾತ್ರ ನೆಟ್ಟಗೇ ಇತ್ತು. ಆಮೇಲೆ ಪುಳಿಯೋಗರೆ. ಅದರ ಮೇಲೆ ಅನಕಾಪಲ್ಲಿ ಬೆಲ್ಲದ ಕೊನೆಯ ಅಚ್ಚು ಕರಗಿಸಿ ಮಾಡಿದ ಒಬ್ಬಟ್ಟು, ಒಬ್ಬಟ್ಟು ತೇಲುವಷ್ಟು ತುಪ್ಪ. ಭಾವ ಆಕಳಿಸಿದರು. ಅದೇ ಹೊತ್ತಿಗೆ ಕಾಡಿನಲ್ಲಿ ಅಡಗಿದ್ದವರು ಹೊರಬಂದರು! ಸೆಕ್ರೆಟರಿಯಮ್ಮ ಮುಂದೆ, ಹಿಂದೆ ತಾರಸಿಯ ಹೆಂಗಸರೆಲ್ಲ.

"ಪೆದ್ದಮ್ಮಗಾರು ಹೊರಟುಹೋಗ್ತಾರಂತೆ, ನಿಜಾನಾ ಅಂಡಿ? ಕಾಗೆ ಯಾರು ಓಡಿಸ್ತಾರೆ? ತುಳಸಿ ಯಾರು ನೋಡ್ಕೋತಾರೆ?" ಎಂದು ತೆಲುಗಿನಲ್ಲಿ ಎರಡೂ ಕಡೆಯಿಂದ ಬಿದ್ದರು. ಭಾವನಿಗೆ ತೆಲುಗು ಅರ್ಥವಾಗುವುದಿಲ್ಲ. ಆದ್ದರಿಂದ ಒಂದು ಬಾಣವೂ ತಾಗಲಿಲ್ಲ! "ನಮಸ್ಕಾರ, ನಮಸ್ಕಾರ" ಎನ್ನುತ್ತಾ ಗುರಾಣಿ ಹಿಡಿದು ಕುಳಿತರು. ಹೆಂಗಸರು ಒಬ್ಬಟ್ಟು ತಿಂದು ಹಿಂದಿರುಗಿದರು.

ಆಗ ಭಾವ ತಮ್ಮ ಬಾಣ ಹೂಡಿದರು. ಮೆತ್ತಗಿನ ದನಿಯಲ್ಲೇ.

"ಅಮ್ಮಾ, ನಿನ್ನ ಆಟ ಬಿಡು ಅಂತ ನಾನು ಹೇಳಲ್ಲ. ಕಂಪ್ಯೂಟರನ್ನೂ ತಗೊಂಡು ಹೋಗೋಣ. ಮುಂದಿನ ರೂಮಲ್ಲಿ ಮೇಜು ಖಾಲಿ ಮಾಡಿಸಿದ್ದೀನಿ. ಇಂಗ್ಲಿಷ್ ತಾನೇ? ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೀನಿ. ನಾನೇ ಪಕ್ಕದಲ್ಲಿ ಕೂತು ಓದ್ತೀನಿ."

ಮುಗಿಯಿತು ಎಂದುಕೊಂಡೆ. ಇನ್ನೇನು ಉಳಿದಿದೆ? ಕೆಲ್ಟರಿಗೆ ಮೊದಲ ಏಟು ಮಾತ್ರ, ಆಮೇಲೆ ಉಸಿರಿಲ್ಲ. ನಾನು ಒಣಗಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ.

"ಸರಿ, ಈಗ್ಲೇ ಓದು ನೋಡೋಣ" ಎಂದು ಅತ್ತೆ ಕಂಪ್ಯೂಟರ್ ಹಚ್ಚಿದರು. ಭಾವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಮಧ್ಯಾಹ್ನವೆಲ್ಲ ಓದಿದರು. ಎಷ್ಟು ಚೆನ್ನಾಗಿ ಓದುತ್ತಾರೆ ಗೊತ್ತೇ! ಒಂದು ಪದ ಬಿಡದೆ ಕನ್ನಡಕ್ಕೆ ತರುತ್ತಾರೆ, ಪೂರ್ಣವಿರಾಮಕ್ಕೂ ನಿಲ್ಲುತ್ತಾರೆ. ನನ್ನ ಓದಿನಲ್ಲಿ ಅರ್ಧ ಇಂಗ್ಲಿಷು, ಅರ್ಧ ಒಗ್ಗರಣೆ. ಅತ್ತೆ ಹೂಂ ಹೂಂ ಎನ್ನುತ್ತಾ ಗದ್ದೆ ಮಾಡಿಸಿದರು, ದಂಡು ಸರಿಸಿದರು.

ಸಂಜೆಯಾಯಿತು. ದೇವರ ಮುಂದೆ ದೀಪ ಹಚ್ಚಿ ಬಂದು ನಾನು ಮತ್ತೆ ಸೌಟು ಹಿಡಿದೆ. ಹಜಾರದಿಂದ ಭಾವನ ಗಂಟಲು ಕೇಳಿಸಿತು. ಶಾಲೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಓದುವ ಅದೇ ಗಂಟಲು.

"ನಿಮ್ಮ ದೊರೆ ವೃದ್ಧಾಪ್ಯದಿಂದ ಮರಣ ಹೊಂದಿದ್ದಾನೆ."

ಆಮೇಲೆ ಅತ್ತೆ ಕರೆದರು. "ಬಾರೇ ಇಲ್ಲಿ."

ಹೋದೆ. ಸೌಟು ಕೈಯಲ್ಲೇ ಇತ್ತು.

"ಇದ್ರಲ್ಲಿ ಏನು ಬರೆದಿದೆ, ನೀನು ಓದು."

ಭಾವ ನನ್ನನ್ನೇ ನೋಡುತ್ತಿದ್ದಾರೆ. ತೆರೆಯ ಮೇಲೆ ಅಕ್ಷರ ನಿಚ್ಚಳವಾಗಿದೆ. ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆ. ಹಿಂದೆ ದೀಪ ಉರಿಯುತ್ತಿದೆ. ನಾನೇನು ಮಾಡಲಿ?

"ಕಾಶಿಗೆ ಹೋದರಂತೆ ಅತ್ತೆ."

"ಏನು!" ಎಂದು ಭಾವ ಎದ್ದೇಬಿಟ್ಟರು. "ಎಲ್ಲಿದೆಯಮ್ಮ ಕಾಶಿ ಇದರಲ್ಲಿ? ಸ್ಪಷ್ಟವಾಗಿ ಡೈಡ್ ಅಂತ ಇದೆಯಲ್ಲ! ಅಮ್ಮಾ, ಇಷ್ಟು ವರ್ಷ ಇವಳು ನಿನಗೆ ಹೀಗೇ ಓದಿ ಹೇಳಿದ್ದಾಳಾ?"

"ಕೂತ್ಕೊಳ್ಳೋ" ಎಂದರು ಅತ್ತೆ. "ನಂಗೊತ್ತು. ಮೊದಲನೇ ದಿನವೇ ಗೊತ್ತು. ಕಾಶಿಗೆ ಹೋದೋನ ಚಿತ್ರದ ಪಕ್ಕ ತಲೆಬುರುಡೆ ಯಾಕೆ ಬರೀತಾರೆ?"

ನನ್ನ ಕೈಯಿಂದ ಸೌಟು ಬಿತ್ತು. ಆ ಓಲೆಯ ಮೂಲೆಯಲ್ಲಿ ಬೆರಳುಗುರಿನಷ್ಟು ದೊಡ್ಡ ತಲೆಬುರುಡೆಯಿರುತ್ತದೆ. ಅಕ್ಷರ ಓದುವ ಭರದಲ್ಲಿ ನಾನದನ್ನು ನೋಡೇ ಇರಲಿಲ್ಲ!

"ಮತ್ತೆ ಆ ಮೊದಲನೇ ದೊರೆಯ ಊರು?" ಎಂದೆ. "ಬೇರೆಯವರನ್ನ ಕೂರಿಸದೆ ಊರೇ ಕಳ್ಕೊಂಡ್ರಲ್ಲ ಅತ್ತೆ?"

"ಅಷ್ಟು ಕಷ್ಟಪಟ್ಟು ನೀನು ಅವನನ್ನ ಕಾಶಿಗೆ ಕಳಿಸಿದ್ದೀಯ. ಅವತ್ತೇ ಅವನ ಜಾಗಕ್ಕೆ ಇನ್ನೊಬ್ಬನ್ನ ಕೂರಿಸಿದ್ರೆ ನಿಂಗೆ ಹೇಗನ್ನಿಸ್ತಿತ್ತು? ಹೋದ್ರೆ ಹೋಯ್ತು ಒಂದೂರು."

ಆಮೇಲೆ ಮಗನ ಕಡೆ ತಿರುಗಿದರು. ಅತ್ತೆಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಆ ಕಿಟಕಿಯ ದಿನಗಳ ನಂತರ ಕೇಳಿರಲಿಲ್ಲ.

"ನಿಮ್ಮಪ್ಪ ಹೋದ ದಿನ ಆಸ್ಪತ್ರೆಯಿಂದ ಬಂದು ನಂಗೆ ಹೇಳಿದೋಳೂ ಇವಳೇ ಕಣೋ. ಬಂದವಳೇ ಹೇಳ್ಲಿಲ್ಲ. ಕಾಫಿ ಮಾಡಿ ಕುಡಿಸಿದ್ಳು. ನನ್ನ ಕಾಲು ತನ್ನ ತೊಡೆ ಮೇಲಿಟ್ಕೊಂಡು ಒತ್ತುತ್ತಾ ಕೂತಿದ್ಳು. ಆಮೇಲೆ ಹೇಳಿದ್ಳು. ನಿನ್ನ ಇಂಗ್ಲಿಷು ಬಹಳ ಚೆನ್ನಾಗಿದೆ ಮಗೂ. ಆದ್ರೆ ನಂಗೆ ಈ ವಯಸ್ಸಲ್ಲಿ ಇವಳು ಓದೋ ಇಂಗ್ಲಿಷೇ ಸಾಕು."

ಭಾವ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ತಮ್ಮನನ್ನು ಕರೆದು, "ಒಂದು ಟಿಕೆಟು ಕ್ಯಾನ್ಸಲ್ ಮಾಡಪ್ಪ" ಎಂದರು. ತಮ್ಮ "ಹೂಂ ಅಣ್ಣ" ಎಂದರು. ಆ ಹೂಂ ಬೆಳಗಿನ ಹೂಂ ಹಾಗಿರಲಿಲ್ಲ.

ಅಷ್ಟಕ್ಕೆ ಬಿಟ್ಟರೆ ಅವರು ಭಾವನೇ ಅಲ್ಲ. ಸುಮ್ಮನೆ ಕುಳಿತಿರಲಾಗದೆ ಮತ್ತೆ ತೆರೆಗೆ ಬಗ್ಗಿದರು. "ಅಮ್ಮಾ, ಆ ನದಿ ದಾಟಿ ಆ ಊರಿನ ಮೇಲೆ ಹೋಗಬಹುದಲ್ಲ?" ಎಂದರು. "ಸುಮ್ನಿರೋ, ಅವನು ದೊಡ್ಡವನು. ಮೊದಲು ಗದ್ದೆ" ಎಂದರು ಅತ್ತೆ. ಇವತ್ತು ಕಾಶಿಗೆ ಹೋದ ದೊರೆಯ ಊರಿನಲ್ಲಿ ಇನ್ನೂ ಯಾರನ್ನೂ ಕೂರಿಸಿರಲಿಲ್ಲ.

ನಾನು ಒಳಗೆ ಬಂದು ಒಲೆಯ ಮುಂದೆ ನಿಂತೆ. ಕರೆಯುವ ತನಕ ಹಜಾರಕ್ಕೆ ಬರಕೂಡದು ಎಂದು ಬೆಳಿಗ್ಗೆ ನನ್ನನ್ನು ಹಿಂದೆ ನಿಲ್ಲಿಸಿದ್ದರಲ್ಲ, ಅತ್ತೆಯ ಶಾಸ್ತ್ರದಲ್ಲಿ ಹಿಂದೆ ನಿಲ್ಲಿಸುವುದು ಯಾರನ್ನು ಎಂದು ಆಗ ನೆನಪಾಯಿತು. ಮೊಸರನ್ನಕ್ಕೆ ಸಾಸಿವೆ ಸಿಡಿಸುತ್ತಿದ್ದೆ. ಕಣ್ಣಿಗೆ ಹೊಗೆ ತುಂಬಿತು ಎಂದು ಯಜಮಾನರಿಗೆ ಹೇಳಿದೆ.

ರಾತ್ರಿ ಊಟಕ್ಕೆ ಮಿಕ್ಕ ಪುಳಿಯೋಗರೆ, ಮೊಸರನ್ನ, ಗೋಂಗೂರ ಪಚ್ಚಡಿ, ಸೆಕ್ರೆಟರಿಯಮ್ಮನ ವಡಿಯಾಲು ಕರಿದದ್ದು. ಭಾವ ಕೇಳಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ಮೊಸರನ್ನಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಅತ್ತೆ ಬೈದರು.

ಮೊದಲು ಮಲಗಿದವರು ಭಾವ, ಹಜಾರದಲ್ಲಿ, ಕಂಪ್ಯೂಟರಿನ ಪಕ್ಕದ ಚಾಪೆಯ ಮೇಲೆ, ಮಲಗಿದಾಗಲೂ ನೆಟ್ಟಗೆ. ಅತ್ತೆ ತಮ್ಮ ಹೊದಿಕೆಯನ್ನೇ ತಂದು ಅವರಿಗೆ ಹೊದಿಸಿ, ನನಗೆ ಸನ್ನೆ ಮಾಡಿದರು.

"ಫ್ಯಾನ್ ಸ್ವಲ್ಪ ಕಮ್ಮಿ ಮಾಡೇ. ರೋಮು ಮಲಗಿದೆ."